ದೀರ್ಘ ಕಥನಗಳಿಗೆ ಒಡನಾಡಿ ಗ್ರಂಥ: ಮೈಲಾರ ಸೀಮೆಯ ನೆಲೆಯಿಂದ ಕೆಲವು ವಿಚಾರಗಳು

ಕಳೆದ ಶತಮಾನದ ಕೊನೆಯ ದಶಕದಿಂದ ಈಚೆಗೆ ಕನ್ನಡದ ಮೌಖಿಕ ಮಹಾಕಾವ್ಯಗಳು ದೊಡ್ಡ ಪ್ರಮಾಣದಲ್ಲಿ ಅಚ್ಚಾಗಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ೧೯೯೭ರಲ್ಲಿ ಪ್ರಕಟಿಸಿದ ಮಲೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳು ಈ ಕೆಲಸದ ಮುಖ್ಯ ಘಟ್ಟಗಳು. ಸಂಗ್ರಾಹಕರ ಶ್ರಮದ ಬಗೆಗೆ ಎರಡು ಮಾತಿಲ್ಲ. ಆದರೆ ಈ ಕಾವ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿ ಪ್ರಸ್ತಾವನೆಯನ್ನು ಓದುತ್ತಾನೆ, ಅಲ್ಲಿನ ಮಾತುಗಳನ್ನೇ ಉತ್ತರಪತ್ರಿಕೆಗೆ ಇಳಿಸುತ್ತಾನೆ. ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಪ್ರಸ್ತಾವನೆಗಳು ಬಹುಮಟ್ಟಿಗೆ ಸಂಪಾದಕರ ವಾದವನ್ನು ಮಂಡಿಸುತ್ತವೆಯೇ ಹೊರತು ಓದುಗನ ಕೈಹಿಡಿದು ಕಾವ್ಯದೊಳಕ್ಕೆ ಕರೆದೊಯ್ಯುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹೂವಿನಹಡಗಲಿ ತಾಲೂಕಿನ ಮೈಲಾರದ ಕಥನವನ್ನೇ ನೋಡಬಹುದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಬಿಲ್ಲನ್ನೇರಿ ಗೊರವಯ್ಯ ನುಡಿಯುವ ಕಾರ್ಣಿಕ ಪತ್ರಿಕೆಗಳ ಮೂಲಕ ನಾಡಿಗೆಲ್ಲ ತಿಳಿಯುತ್ತದೆ. ಅದರ ಹಿಂದಿರುವ ಮಣಿ-ಮಲ್ಲರ ವಧೆ, ಏಳುಕೋಟಿಯ ದಂಡು, ಗಂಗಿಮಾಳವ್ವ ಮತ್ತು ಕುರುಬತ್ತೆವ್ವರ ಕಥೆಗಳು ಹಾಗೆ ತಿಳಿಯುವುದಿಲ್ಲ. ಗೊರವರ ಹಾಡನ್ನು ಅಚ್ಚಿನಲ್ಲಿ ಓದುವ ಹೊರಗಿನವನಿಗೆ ‘ದೋಣಿ’ ಎಂದರೆ ಹೊಳೆ ದಾಟಿಸುವ ದೋಣಿ, ‘ಭಂಡಾರ’ ಎಂದರೆ ಬೊಕ್ಕಸ, ‘ಪವಾಡ’ ಎಂದರೆ ಅಲೌಕಿಕ ಘಟನೆ. ನಿಘಂಟು ಹೇಳುವುದೂ ಅದನ್ನೇ. ಗೊರವರಲ್ಲಾದರೋ ದೋಣಿ ಎಂಬುದು ಹಾಲು, ಬಾಳೆಹಣ್ಣು ಮೊದಲಾದ ಎಡೆ ತುಂಬುವ ಪಾತ್ರೆ. ಭಂಡಾರ ಅರಿಸಿನದ ಪುಡಿ. ಪವಾಡವೆಂದರೆ ಸರಪಳಿ ಹರಿಯುವಂಥ, ಮೈಯೊಡ್ಡಿ ನಡೆಸುವ ಸೇವೆ. ಈ ಮೂರು ಪದಗಳು ತಪ್ಪಾಗಿ ಅರ್ಥವಾದರೆ ಕಥೆ ಅರ್ಥವಾಗಿಯೂ ಕಾವ್ಯ ಕೈತಪ್ಪುತ್ತದೆ. ಕೊನೆಯ ನಾಲ್ಕು ಪುಟಗಳ ಶಬ್ದಾರ್ಥ ಪಟ್ಟಿಯಿಂದ ಈ ಕೊರತೆ ನೀಗದು. ಪದದ ಜೊತೆಗೆ ವಸ್ತು, ಆಚರಣೆ, ಅದನ್ನು ಮಾಡುವವರು, ಮಾಡುವ ದಿನ ಇವೆಲ್ಲವೂ ಬೇಕು.

ಹೆಸರುಗಳದ್ದು ಇನ್ನೂ ದೊಡ್ಡ ತೊಡಕು. ಮೈಲಾರಲಿಂಗ, ಮಾಲತೇಶ, ಮಲ್ಲಯ್ಯ, ಮಾರ್ತಾಂಡ ಭೈರವ ಎಂದು ಕರೆಸಿಕೊಳ್ಳುವ ಈ ದೈವ ಮರಾಠಿಯಲ್ಲಿ ಖಂಡೋಬ, ತೆಲುಗಿನಲ್ಲಿ ಮಲ್ಲಣ್ಣ. ಗಂಗಿಮಾಳವ್ವನಿಗೆ ಜೇಜುರಿಯ ಮ್ಹಾಳಸಾಳನ್ನೂ ಕುರುಬತ್ತೆವ್ವನಿಗೆ ಬಾಣಾಯಿಯನ್ನೂ ಎದುರಿಟ್ಟು ನೋಡಿದಾಗ, ಕುರಿಗಾರ ಮನೆತನದ ಹೆಣ್ಣು ಎರಡನೆಯ ಹೆಂಡತಿಯಾಗಿ ಬರುವ ಒಂದೇ ಕಥಾಬಂಧ ಎರಡು ಭಾಷೆಗಳಲ್ಲಿ ಹರಡಿಕೊಂಡಿರುವುದು ಕಾಣುತ್ತದೆ. ಇದನ್ನು ಒಂದು ಕೋಷ್ಟಕದಲ್ಲಿ ತೋರಿಸಬಹುದು. ತೋರಿಸದಿದ್ದರೆ ಓದುಗ ಪ್ರತಿ ಸಂಶೋಧನ ಲೇಖನದಲ್ಲಿಯೂ ಹೊಸದಾಗಿ ಹುಡುಕಬೇಕಾಗುತ್ತದೆ.

ಕೂಡ್ಲಿಗಿ ಸೀಮೆಯ ಮ್ಯಾಸಬೇಡರ ಕಥನಗಳಿಗೆ ಬಂದರೆ ಸಮಸ್ಯೆಯ ಸ್ವರೂಪ ಬೇರೆ. ಅಲ್ಲಿ ಗಾದ್ರಿ ಪಾಲನಾಯಕ, ಯರಮಂಚಿ ನಾಯಕರಂಥ ಪಶುಪಾಲಕ ವೀರರ ಕಥೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬೆಡಗು, ಕಟ್ಟೆಮನೆ, ಪೆಟ್ಟಿಗೆ ದೇವರು, ದೇವರ ಎತ್ತು, ಅದನ್ನು ಕಾಯುವ ಕಿಲಾರಿ ಇವುಗಳ ಸಂಬಂಧ ತಿಳಿಯದೆ ಕಥೆಯ ಒಂದು ಜಗಳವೂ ಅರ್ಥವಾಗದು. ನಡುವೆ ತೆಲುಗು ಮಾತುಗಳೂ ಬರುತ್ತವೆ. ಕೊಟ್ಟೂರಿನ ಕೊಟ್ಟೂರೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಮೊದಲಾದ ಪಂಚಗಣಾಧೀಶರ ಐತಿಹ್ಯಗಳನ್ನೂ ಹೀಗೆಯೇ ಬಿಡಿಬಿಡಿಯಾಗಿ ಓದಲು ಬರುವುದಿಲ್ಲ.

ನಕಾಶೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹರಪನಹಳ್ಳಿ ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. ಕೂಡ್ಲಿಗಿ ತಾಲೂಕಿನಲ್ಲಿದ್ದ ಕೊಟ್ಟೂರು ತಾನೇ ತಾಲೂಕಾಯಿತು. ೨೦೨೧ರಿಂದ ಇವೂ ಹಗರಿಬೊಮ್ಮನಹಳ್ಳಿ, ಹಡಗಲಿಗಳೂ ವಿಜಯನಗರ ಜಿಲ್ಲೆಗೆ ಸೇರಿವೆ. ಹಳೆಯ ಸಂಪಾದನೆಗಳಲ್ಲಿ ಹಾಡುಗಾರರ ಊರನ್ನು ಜಿಲ್ಲೆ, ತಾಲೂಕುಗಳಿಂದ ಗುರುತಿಸಿದ ಟಿಪ್ಪಣಿಗಳು ಈಗಾಗಲೇ ದಾರಿ ತಪ್ಪಿಸುತ್ತಿವೆ. ಕಥನದ ಭೂಗೋಳಕ್ಕೆ ಗುಡ್ಡ, ಹಳ್ಳ, ಹಟ್ಟಿ, ಗುಡಿಗಳೇ ಗುರುತಾಗಬೇಕು. ಕಂದಾಯ ಇಲಾಖೆಯ ಗಡಿಗಳಲ್ಲ.

ಪಶ್ಚಿಮದ ಕಲ್ಪಿತ ಲೋಕದ ದೀರ್ಘ ಕಥೆಗಳಿಗೆ ಇಂಥ ಅನುಕೂಲ ಬಹಳ ಹಿಂದೆಯೇ ದೊರೆಯಿತು. ಟೋಲ್ಕಿನ್ ತನ್ನ ‘ಲಾರ್ಡ್ ಆಫ್ ದ ರಿಂಗ್ಸ್’ನ ೧೯೫೫ರ ಕೊನೆಯ ಸಂಪುಟದಲ್ಲಿ ವಂಶಾವಳಿ, ಪಂಚಾಂಗ, ಲಿಪಿಗಳ ಅನುಬಂಧವನ್ನೇ ಸೇರಿಸಿದ. ಆ ಬಳಿಕ ರಾಬರ್ಟ್ ಫಾಸ್ಟರ್ ಆ ಲೋಕದ ಹೆಸರುಗಳಿಗೆ ಅಕಾರಾದಿ ಕೋಶವನ್ನು ಸಿದ್ಧಪಡಿಸಿದ. ಒಬ್ಬ ಲೇಖಕ ಕಟ್ಟಿದ ಲೋಕಕ್ಕೆ ಇಷ್ಟು ಆಸ್ಥೆ. ಜನಸಮುದಾಯಗಳು ತಲೆಮಾರುಗಟ್ಟಲೆ ಕಟ್ಟಿದ ಲೋಕಕ್ಕೆ ನಾಲ್ಕು ಪುಟ! ನಮ್ಮ ನೆರೆಯಲ್ಲಿಯೇ ಬೇರೆ ಮಾದರಿಯೂ ಇದೆ. ಗೋಪಾಲ ನಾಯ್ಕರು ಹಾಡಿದ ೧೫,೬೮೩ ಸಾಲುಗಳ ತುಳು ಸಿರಿ ಕಾವ್ಯ ೧೯೯೮ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದಾಗ, ಪಠ್ಯದ ಎರಡು ಸಂಪುಟಗಳ ಜೊತೆಗೆ ಲೌರಿ ಹೊಂಕೊ ಅವರ ವಿವರಣೆಗೇ ಒಂದು ಪ್ರತ್ಯೇಕ ಸಂಪುಟ ಮೀಸಲಾಯಿತು. ಅದು ಪಂಡಿತರಿಗಾಗಿ ಬರೆದದ್ದು ನಿಜ. ಆದರೂ ಹಾಡುಗಾರನ ಬದುಕು, ಹಾಡಿದ ಸಂದರ್ಭ, ದಾಖಲಿಸಿದ ಬಗೆ ಇವೆಲ್ಲ ಓದುಗನಿಗೆ ಒಂದೆಡೆ ಸಿಗುತ್ತವೆ. ಟೀಕು, ಟಿಪ್ಪಣಿಗಳ ಪರಂಪರೆಯುಳ್ಳ ಕನ್ನಡಕ್ಕೆ ಇದು ಪರಕೀಯವೇನಲ್ಲ. ಕುಮಾರವ್ಯಾಸನ ಸಂಧಿಗಳ ತಲೆಯಲ್ಲಿರುವ ಸೂಚನಾಪದ್ಯ ಮಾಡುವುದೂ ಅದೇ ಕೆಲಸವನ್ನಲ್ಲವೆ?

ಕೈಪಿಡಿ ಬಂದರೆ ಕಾವ್ಯವನ್ನು ಯಾರೂ ಓದುವುದಿಲ್ಲ ಎಂಬ ಆಕ್ಷೇಪ ಅಷ್ಟು ಗಟ್ಟಿಯಾದುದಲ್ಲ, ಈಗಲೂ ಓದುತ್ತಿಲ್ಲ. ಗಂಭೀರವಾದದ್ದು ಇನ್ನೊಂದು: ಅಚ್ಚಾದ ವಿವರಣೆ ಒಂದು ಪಾಠವನ್ನೇ ಪ್ರಮಾಣವಾಗಿಸಿ ಉಳಿದ ಪಾಠಗಳನ್ನು ತಪ್ಪೆಂದು ಸಾರಬಹುದು. ಸಂಸ್ಕೃತದ ಮಲ್ಲಾರಿ ಮಾಹಾತ್ಮ್ಯವನ್ನು ಆಧಾರವಾಗಿಟ್ಟುಕೊಂಡು ಮೈಲಾರನನ್ನು ಪರಿಚಯಿಸುವ ಬರಹಗಳಲ್ಲಿ ರಾಕ್ಷಸವಧೆಯೇ ಮುಂದಾಗಿ, ಜನಪದ ಹಾಡುಗಳು ರಸವತ್ತಾಗಿ ಹಿಗ್ಗಿಸುವ ಇಬ್ಬರು ಹೆಂಡಿರ ಜಗಳ ಹಿಂದೆ ಸರಿಯುತ್ತದೆ. ಆದುದರಿಂದ ಒಡನಾಡಿ ಗ್ರಂಥ ಕಥೆಯ ಸಾರಾಂಶವನ್ನು ಕೊಡಲೇಬಾರದು. ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಹೇಗೆ ಹೇಳುತ್ತಾರೆ ಎಂಬ ಪಾಠಭೇದಗಳನ್ನು ಅಕ್ಕಪಕ್ಕದಲ್ಲಿ ಇಡಬೇಕು, ನಿರ್ಣಯ ಓದುಗನದು.

ಇಂಥ ಗ್ರಂಥವನ್ನು ಗ್ರಂಥಾಲಯದಲ್ಲಿ ಕುಳಿತು ಬರೆಯಲಾಗದು. ಅಚ್ಚಾದ ಕಾವ್ಯವನ್ನು ಹಾಡುಗಾರರ ಮುಂದೆ ಮತ್ತೆ ಓದಿ, ಸಾಲುಸಾಲಿಗೂ ಕೇಳಿ ಬರೆದುಕೊಳ್ಳಬೇಕು. ಜಾತ್ರೆಯ ದಿನ ಅವರಿಗೆ ಪುರಸೊತ್ತಿರುವುದಿಲ್ಲ. ಉಳಿದ ದಿನಗಳಲ್ಲಿ ಹೋಗಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ಧ್ವನಿಮುದ್ರಿಸಿಕೊಂಡವರ ಬಳಿ ಕೇಳದೆ ಉಳಿದ ಪ್ರಶ್ನೆಗಳಿಗೆ ಈಗ ಅವರ ಮಕ್ಕಳಿಂದ, ಹಿಮ್ಮೇಳದವರಿಂದ ಎಷ್ಟು ಉತ್ತರ ದೊರೆತೀತೋ ಅಷ್ಟನ್ನಾದರೂ ಪಡೆಯಬೇಕಾಗಿದೆ.