ಉದರದ ಅರ್ಬುದವೂ ಸ್ತ್ರೀಪುರುಷ ಭೇದವೂ

ಅರ್ಬುದವು, ಎಂದರೆ ಜನರು ಕ್ಯಾನ್ಸರ್ ಎನ್ನುವ ವ್ಯಾಧಿಯು, ಬಲಿತು ಉದರದ ಒಳಪೊರೆಗೆ ಹಬ್ಬಿತೆಂದರೆ ವೈದ್ಯರು ಕೈಚೆಲ್ಲಿ ಕುಳಿತುಕೊಳ್ಳುತ್ತಿದ್ದ ಕಾಲವೊಂದಿತ್ತು. 1980ರ ದಶಕದಿಂದೀಚೆಗೆ ಅಮೆರಿಕದ ಶಸ್ತ್ರವೈದ್ಯ ಪಾಲ್ ಶುಗರ್‌ಬೇಕರ್ ಮೊದಲಾದವರು ಬೇರೊಂದು ದಾರಿಯನ್ನು ಹಿಡಿದರು. ಕಣ್ಣಿಗೆ ಕಾಣುವ ಗಂಟುಗಳನ್ನೆಲ್ಲ ಕೊಯ್ದು ತೆಗೆದು, ಬಳಿಕ 41ರಿಂದ 43 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದ ಔಷಧದ್ರವವನ್ನು ಹೊಟ್ಟೆಯೊಳಗೆ ಒಂದು, ಒಂದೂವರೆ ಗಂಟೆಯ ಕಾಲ ಹರಿಯಿಸುವ ಕ್ರಮವಿದು. ರೋಗಿಗೆ ಇದು ಸಣ್ಣ ಪರೀಕ್ಷೆಯಲ್ಲ.

ಇಂತಹ ಚಿಕಿತ್ಸೆಯಾದ ಮೇಲೆ ಗಂಡಸರೂ ಹೆಂಗಸರೂ ಸಮನಾಗಿ ಬಾಳುವರೆ? ಉದರಪೊರೆಯಲ್ಲಿಯೇ ಹುಟ್ಟುವ ಮೆಸೊಥೀಲಿಯೋಮ ಎಂಬ ಅಪರೂಪದ ಅರ್ಬುದದ ಮಟ್ಟಿಗೆ ಇಲ್ಲವೆಂದೇ ಹೇಳಬೇಕಾಗಿದೆ. ಈ ರೋಗಕ್ಕಾಗಿ ಮೇಲಿನ ಕ್ರಮದಲ್ಲಿ ಚಿಕಿತ್ಸೆ ಪಡೆದ 405 ಮಂದಿಯ ವೃತ್ತಾಂತವು 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನ 53 ತಿಂಗಳಿಗೂ ಮಿಗಿಲಾಗಿ ಬದುಕಿದ್ದರು. ಇಂತಹ ಲೆಕ್ಕಗಳಲ್ಲಿ ಸ್ತ್ರೀಯರ ಆಯುಷ್ಯವು ಪುರುಷರದಕ್ಕಿಂತ ದೀರ್ಘವಾಗಿರುವುದು ಕಂಡುಬಂದಿದೆ. ಕಾರಣವೇನು? ಗಣಿ, ಕಾರ್ಖಾನೆ, ಹಡಗುಕಟ್ಟೆಗಳಲ್ಲಿ ಕಲ್ನಾರಿನ ಧೂಳನ್ನು ಕುಡಿದವರು ಹೆಚ್ಚಾಗಿ ಗಂಡಸರೇ ಎಂಬುದೊಂದು. ರೋಗದ ಸೌಮ್ಯ ರೂಪಗಳು ಹೆಂಗಸರಲ್ಲಿ ಹೆಚ್ಚೆಂಬುದು ಮತ್ತೊಂದು. ಸ್ತ್ರೀದೇಹದ ರಸಗಳೇ ಕಾಪಾಡುತ್ತವೆಯೆಂದು ಊಹಿಸುವವರೂ ಉಂಟು. ಅದಿನ್ನೂ ಸಿದ್ಧವಾದ ಮಾತಲ್ಲ.

ಕಲ್ನಾರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ನಮ್ಮ ಮನಸ್ಸು ಒಪ್ಪದು. ಆ ಕಾರ್ಖಾನೆಗಳ ಹತ್ತಿರಕ್ಕೂ ಸುಳಿಯದೆ, ಗಂಡನ ಧೂಳು ಹಿಡಿದ ಬಟ್ಟೆಗಳನ್ನು ಕೊಡವಿ ಒಗೆದುದರಿಂದಲೇ ಮೆಸೊಥೀಲಿಯೋಮಕ್ಕೆ ತುತ್ತಾದ ಗೃಹಿಣಿಯರು ಹಲವು ದೇಶಗಳಲ್ಲಿದ್ದಾರೆ. ಧೂಳು ದೇಹವನ್ನು ಹೊಕ್ಕು ರೋಗವಾಗಿ ತಲೆದೋರಲು ಮೂವತ್ತು ನಲವತ್ತು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಆ ಬಟ್ಟೆಯ ನೆನಪಾದರೂ ಯಾರಿಗಿದ್ದೀತು?

ದೊಡ್ಡಕರುಳಿನಿಂದ ಹಬ್ಬಿದ ಅರ್ಬುದದ ಸಂಗತಿ ಬೇರೆ. ಫ್ರಾನ್ಸಿನಲ್ಲಿ 265 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ಜತೆಗೆ ಆಕ್ಸಾಲಿಪ್ಲಾಟಿನ್ ಎಂಬ ಔಷಧವನ್ನು ಬಿಸಿಮಾಡಿ ಹರಿಯಿಸಿದುದರಿಂದ ಆಯುಷ್ಯವೇನೂ ಹೆಚ್ಚಲಿಲ್ಲ. ಗಂಟುಗಳನ್ನು ಪೂರ್ಣವಾಗಿ ತೆಗೆಯಲಾಯಿತೆ ಎಂಬುದೇ ಅಲ್ಲಿ ಮುಖ್ಯ. ರೋಗಿಯು ಗಂಡೋ ಹೆಣ್ಣೋ ಎಂಬುದು ಅದರ ಮುಂದೆ ಚಿಕ್ಕದು.

ಆದರೆ ಕರುಳಿನ ಅರ್ಬುದಕ್ಕೆ ಬಹುಕಾಲದಿಂದ ಕೊಡುತ್ತ ಬಂದಿರುವ ಫ್ಲೂರೊಯೂರಸಿಲ್ ಎಂಬ ಔಷಧವನ್ನು ಸ್ತ್ರೀದೇಹವು ಸಾಮಾನ್ಯವಾಗಿ ನಿಧಾನವಾಗಿ ಹೊರಹಾಕುತ್ತದೆ. ಆದಕಾರಣ ಬಾಯಿಹುಣ್ಣು, ಭೇದಿ, ರಕ್ತದ ಬಿಳಿಕಣಗಳ ಕುಸಿತ ಇವು ಹೆಂಗಸರನ್ನೇ ಹೆಚ್ಚು ಪೀಡಿಸುವುವು. ನಮ್ಮ ಮನೆಗಳಲ್ಲಿ ಹೆಂಗಸರು ಇಂತಹ ಬಾಧೆಯನ್ನು ಬಾಯಿಬಿಟ್ಟು ಹೇಳುವುದು ಕಡಮೆ. ಅತ್ತೆಯವರೋ ಯಜಮಾನರೋ ಕೇಳಿದರೂ ‘ಏನೂ ಇಲ್ಲ’ ಎಂದುಬಿಡುವರು. ಊಟ ಸೇರದಂತೆ ಬಾಯಿ ಹುಣ್ಣಾದರೆ, ಭೇದಿ ನಿಲ್ಲದಿದ್ದರೆ, ಜ್ವರ ಬಂದರೆ, ಮುಂದಿನ ಸರದಿಯವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸತಕ್ಕದ್ದು. ಔಷಧದ ಪ್ರಮಾಣವನ್ನು ಇಳಿಸಬೇಕೆ, ಕೆಲವು ದಿನ ತಡೆಯಬೇಕೆ ಎಂಬುದನ್ನು ಅವರು ಆಗ ನಿಶ್ಚಯಿಸುವರು.

ಅಂಡಾಶಯದ ಅರ್ಬುದದ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.