ಉಸಿರಿನ ಲೆಕ್ಕ

2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ತೀರಿಕೊಂಡರು. ರಾತ್ರಿ ಪ್ರಾಣವಾಯು ಮುಗಿದಿತ್ತು. ಎಲ್ಲರೂ ಅದರಿಂದಲೇ ಸತ್ತರೆನ್ನಲಾಗದು ಎಂದು ಸರಕಾರದವರು ಮೊದಮೊದಲು ವಾದಿಸಿದರು; ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿ ಕೊರತೆಯನ್ನೇ ಎತ್ತಿ ಹೇಳಿತು. ಆ ಜಗಳವನ್ನು ಮತ್ತೆ ಕೆದಕಲು ನಾವು ಹೊರಟಿಲ್ಲ. ಓದುಗರ ಮುಂದಿಡಬೇಕಾದ ಲೆಕ್ಕ ಬೇರೊಂದಿದೆ.

ಆಗ ಎಲ್ಲರ ಬಾಯಲ್ಲೂ ವೆಂಟಿಲೇಟರಿನದೇ ಮಾತು. ಅದಕ್ಕೂ ಒಂದು ವರ್ಷ ಮೊದಲು, 2020ರ ಮೇ ತಿಂಗಳಲ್ಲಿ, 50,000 ವೆಂಟಿಲೇಟರುಗಳಿಗಾಗಿ ಪಿ.ಎಂ. ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿ ಎಂದು ಸಾರಲಾಗಿತ್ತು. ಯಂತ್ರ ಬಂತೇ, ಬಂತೇ ಎಂದು ಕೇಳಿದವರಲ್ಲಿ ನಾವೂ ಸೇರಿದ್ದೆವು. ಆದರೆ ಯಂತ್ರ ತಾನಾಗಿ ಉಸಿರಾಡಿಸುವುದಿಲ್ಲ. ರೋಗಿಗೆ ಮತ್ತು ಬರಿಸಿ, ಗಂಟಲಿಗೆ ಕೊಳವೆ ಇಳಿಸಿ, ಹಗಲಿರುಳು ನುರಿತವರು ಕಾಯಬೇಕು.

ಸಾದಾ ಮಾಸ್ಕಿಗೂ ಈ ಕೊಳವೆಗೂ ನಡುವೆ ಇನ್ನೊಂದು ಮೆಟ್ಟಿಲುಂಟು. ವೈದ್ಯರು ಅದನ್ನು ಸಿಪ್ಯಾಪ್ ಎನ್ನುತ್ತಾರೆ. ವೈರಾಣು ಎದೆಗಿಳಿದಾಗ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ನೀರು ತುಂಬಿ ಮುಚ್ಚಿಕೊಳ್ಳುತ್ತವೆ. ಜಾತ್ರೆಯ ಪುಗ್ಗೆ ಊದಿದವರೆಲ್ಲ ಬಲ್ಲರು, ಮೊದಲ ಉಸಿರೇ ಕಷ್ಟ, ತುಸು ಉಬ್ಬಿದ ಮೇಲೆ ಸಲೀಸು. ಬಿಗಿಯಾದ ಮಾಸ್ಕಿನ ಮೂಲಕ ಎಡೆಬಿಡದೆ ಒತ್ತಡ ಕೊಟ್ಟರೆ, ಉಸಿರು ಬಿಟ್ಟಾಗಲೂ ಚೀಲ ಪೂರ್ತಿ ಮುಚ್ಚುವುದಿಲ್ಲ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ಬೇಕಾದ್ದನ್ನು ಕೈಸನ್ನೆಯಲ್ಲಾದರೂ ಹೇಳಬಲ್ಲ.

ಇದರಿಂದ ಗುಣವೆಷ್ಟು? ಬ್ರಿಟನ್ನಿನಲ್ಲಿ 2020-21ರಲ್ಲಿ 1,273 ಕೋವಿಡ್ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 2022ರಲ್ಲಿ ಫಲ ಪ್ರಕಟವಾಯಿತು. ಸಾದಾ ಪ್ರಾಣವಾಯು ಪಡೆದವರಲ್ಲಿ ನೂರಕ್ಕೆ ಸುಮಾರು 44 ಮಂದಿ 30 ದಿನಗಳೊಳಗೆ ಕೊಳವೆಗೆ ಹೋದರು ಇಲ್ಲವೆ ಸತ್ತರು. ಸಿಪ್ಯಾಪ್ ಪಡೆದವರಲ್ಲಿ 36. ಮೂಗಿಗೆ ರಭಸದಿಂದ ಗಾಳಿ ಹಾಯಿಸುವ ಇನ್ನೊಂದು ವಿಧಾನದಲ್ಲಿ ಅಂಥ ಅಂತರ ಕಾಣಲಿಲ್ಲ. ನಿಜ ಹೇಳಬೇಕಾದರೆ, ಸಿಪ್ಯಾಪಿನ ಲಾಭವೂ ಹೆಚ್ಚಾಗಿ ಕೊಳವೆ ತಪ್ಪಿಸಿದ್ದರಲ್ಲಿ. ಸಾವಿನ ಸಂಖ್ಯೆಯೊಂದನ್ನೇ ನೋಡಿದರೆ ಅಂತರ ಚಿಕ್ಕದು. ಆದರೂ ತೀವ್ರ ನಿಗಾದ ಹಾಸಿಗೆಗಳನ್ನು ಬೆರಳಲ್ಲಿ ಎಣಿಸಬಹುದಾದ ಊರಿನಲ್ಲಿ ಒಬ್ಬನಿಗೆ ಕೊಳವೆ ತಪ್ಪಿತೆಂದರೆ ಇನ್ನೊಬ್ಬನಿಗೆ ಹಾಸಿಗೆ ಸಿಕ್ಕಿತೆಂದೇ ಅರ್ಥ.

ಇದು ಶ್ರೀಮಂತ ದೇಶದ ಸೊತ್ತೇನೂ ಅಲ್ಲ. ಢಾಕಾದ ಡಾ. ಚಿಸ್ತಿ ಮತ್ತು ಸಂಗಡಿಗರು ಶಾಂಪೂ ಬಾಟಲಿಗೆ ನೀರು ತುಂಬಿ, ಉಸಿರಿನ ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿ ಇದೇ ಒತ್ತಡ ಪಡೆದರು. ತೀವ್ರ ನ್ಯುಮೋನಿಯಾದ ಮಕ್ಕಳಲ್ಲಿ, ಸಾದಾ ಪ್ರಾಣವಾಯು ಕೊಟ್ಟಲ್ಲಿ ನೂರಕ್ಕೆ 15 ಸತ್ತರೆ, ಬಾಟಲಿಯ ಗುಳ್ಳೆ ಕೊಟ್ಟಲ್ಲಿ 4 ಎಂದು 2015ರಲ್ಲಿ ಅವರು ವರದಿ ಮಾಡಿದರು. ಬಾಟಲಿ ಅಗ್ಗ, ಅದರ ಪಕ್ಕದಲ್ಲಿ ತರಬೇತಿ ಪಡೆದ ವೈದ್ಯರೂ ದಾದಿಯರೂ ಇದ್ದರೆಂಬುದನ್ನು ಮರೆಯಬಾರದು.

ಇನ್ನು ಅಂಗಡಿಯ ಲೆಕ್ಕಕ್ಕೆ ಬರೋಣ. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಪ್ರಾಣವಾಯು. ನಿಮಿಷಕ್ಕೆ 5 ಲೀಟರಿನಂತೆ ಕೊಟ್ಟರೆ 23 ಗಂಟೆ ಬರುತ್ತದೆ. ಮೂಗಿನ ರಭಸ ಯಂತ್ರ ನಿಮಿಷಕ್ಕೆ 60 ಲೀಟರ್ ಎಳೆದರೆ ಎರಡು ಗಂಟೆಯೂ ಬಾರದು. ಒತ್ತಡದ ಮಾಸ್ಕಿಗೂ ಖರ್ಚು ಕಡಮೆಯಲ್ಲ, ಸೋರಿಕೆಯಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಯಂತ್ರ ಕೊಂಡವನು ಪ್ರಾಣವಾಯುವಿನ ಟ್ಯಾಂಕು, ಕೊಳಾಯಿ, ಘಟಕಗಳನ್ನೂ ಸುಸ್ಥಿತಿಯಲ್ಲಿಡಬೇಕು. ಎತ್ತು ಕೊಂಡು ಮೇವು ಮರೆತರೆ ಹೂಡುವುದು ಹೇಗೆ?

ಎಲ್ಲಕ್ಕಿಂತ ದೊಡ್ಡ ಕೊರತೆ ಕಣ್ಣಿನದು. ಮಾಸ್ಕಿನಲ್ಲಿ ರೋಗಿ ಮೆಲ್ಲಗೆ ದಣಿಯುತ್ತಾನೆ. ಉಸಿರಿನ ಎಣಿಕೆ ಏರುತ್ತದೆ, ಮಾತು ತೊದಲುತ್ತದೆ, ಮಂಕು ಕವಿಯುತ್ತದೆ. ಆ ಹೊತ್ತಿನಲ್ಲಿ ಕೊಳವೆ ಇಳಿಸಲು ತಡಮಾಡಿದರೆ ಅದೇ ಮಾಸ್ಕು ಕುತ್ತಾಗುತ್ತದೆ. ಇದನ್ನು ಗುರುತಿಸತಕ್ಕವಳು ದಾದಿ. ಅವಳನ್ನು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿಟ್ಟು, ವಾರ್ಡಿಗೊಬ್ಬಳನ್ನೇ ನಿಲ್ಲಿಸಿ, ಕೆಲಸ ಕಲಿತ ಮೇಲೆ ಮನೆಗೆ ಕಳಿಸುವುದು ಯಾವ ಮಿತವ್ಯಯ?

ಹತ್ತಿಯ ಧೂಳು ಕುಡಿದ ಎದೆ ನಮ್ಮ ಗಿರಣಿಯವರದು. ಜ್ವರ ಬಂದರೆ ಅವರು ಮೊದಲು ಏದುಸಿರು ಬಿಡುವವರು, ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಲಾರದವರೂ ಅವರೇ. ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರನ್ನು ಈ ವಾರವೇ ಕಂಡು ಕೇಳಿರಿ: ಪ್ರಾಣವಾಯು ಘಟಕವನ್ನು ಕಡೆಯ ಸಲ ಚಾಲೂ ಮಾಡಿ ನೋಡಿದ್ದು ಯಾವತ್ತು? ಸಿಪ್ಯಾಪ್ ಮಾಸ್ಕು ಎಷ್ಟಿವೆ, ಯಾವ ಅಳತೆಯವು? ರಾತ್ರಿ ಪಾಳಿಯಲ್ಲಿ ಅದನ್ನು ಕಟ್ಟಬಲ್ಲ ದಾದಿಯರು ಎಷ್ಟು ಮಂದಿ? ಸಿಕ್ಕ ಉತ್ತರಗಳನ್ನು ನಮಗೆ ಬರೆದು ಕಳಿಸಿದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.