ಒಂದು ಸಂಜೆಯ ಗಲ್ಲಿಗೆ ಎಷ್ಟು ಕಚೇರಿ?

ಮುಂಬಯಿಯಲ್ಲಿ ಒಂದು ಸಂಜೆ ಗಲ್ಲಿ ಮುಚ್ಚುವುದಕ್ಕಿಂತ ಹತ್ತು ದಿನ ರಸ್ತೆಯ ಮೇಲೆ ಮಂಡಪ ಹಾಕುವುದು ಸುಲಭ. ತಮಾಷೆಗೆ ಹೇಳುತ್ತಿಲ್ಲ. ಸಾರ್ವಜನಿಕ ಗಣೇಶೋತ್ಸವ ಮಂಡಳಗಳಿಗೆ ಮಹಾನಗರಪಾಲಿಕೆ ಏಕಗವಾಕ್ಷಿ ಆನ್‌ಲೈನ್ ಅರ್ಜಿಯ ಏರ್ಪಾಟು ಮಾಡಿದೆ. 2024ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ 10 ವರ್ಷ ನಿಯಮ ಮೀರದ ಮಂಡಳಗಳಿಗೆ ಒಮ್ಮೆಗೇ 5 ವರ್ಷದ ಅನುಮತಿ ಕೊಡಲು ಶುರುಮಾಡಿತು. ವರ್ಷಕ್ಕೊಮ್ಮೆ ನವೀಕರಿಸಿದರಾಯಿತು. ನೆಲಬಾಡಿಗೆ ಹೆಸರಿಗೆ 100 ರೂಪಾಯಿ.

ಇದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ನೆಟ್ಟಗೆ ನಡೆದುಕೊಂಡವರನ್ನು ಪ್ರತಿ ವರ್ಷ ಅಲೆದಾಡಿಸುವುದರಲ್ಲಿ ಅರ್ಥವಿಲ್ಲ. ಆದರೆ ಅದೇ ಸೌಲಭ್ಯ ನಮ್ಮಂಥ ಸಣ್ಣ ಸಂಘಗಳಿಗೆ ಯಾಕಿಲ್ಲ ಎನ್ನುವುದು ನನ್ನ ಪ್ರಶ್ನೆ. ದಹಿಸರದಲ್ಲೋ ಭಾಂಡುಪಿನಲ್ಲೋ ಇರುವ ಕನ್ನಡ ಸಂಘವೊಂದು ರಾಜ್ಯೋತ್ಸವದ ಸಂಜೆ ಗಲ್ಲಿಯಲ್ಲಿ ಒಂದು ಯಕ್ಷಗಾನ ಆಡಿಸಬೇಕೆಂದುಕೊಂಡಿದೆ ಎನ್ನಿ. ಸಂಜೆ ಆರರಿಂದ ಹತ್ತು, ಅಷ್ಟೇ. ವಾರ್ಡ್ ಕಚೇರಿ, ಪೊಲೀಸ್ ಠಾಣೆ, ಟ್ರಾಫಿಕ್ ಚೌಕಿ, ಧ್ವನಿವರ್ಧಕದ ಪರವಾನಗಿ. ಒಬ್ಬರು "ಮೊದಲು ಅವರ ಎನ್‌ಒಸಿ ತನ್ನಿ" ಎನ್ನುತ್ತಾರೆ, ಅವರು "ಮೊದಲು ಇವರದು" ಎನ್ನುತ್ತಾರೆ. ನಮ್ಮ ಸಂಘದ ಕಾರ್ಯದರ್ಶಿ ಹೋಟೆಲಿನ ಗಲ್ಲಾ ಬಿಟ್ಟು ಎಷ್ಟು ಮಧ್ಯಾಹ್ನ ಅಲೆಯಬಲ್ಲರು?

ಸಭಾಂಗಣ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಮಾಟುಂಗದಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್ ಇದೆ, ಕುರ್ಲಾದಲ್ಲಿ ಬಂಟರ ಸಂಘದ ದೊಡ್ಡ ಭವನ ಇದೆ. ಆದರೆ ಭಾನುವಾರದ ಮೆಗಾ ಬ್ಲಾಕ್ ದಾಟಿ, ವಯಸ್ಸಾದ ಅತ್ತೆಯನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ದಹಿಸರದಿಂದ ಕುರ್ಲಾಕ್ಕೆ ಹೋಗಿ ಬರುವುದು ಎಲ್ಲರಿಂದಲೂ ಆಗುವ ಮಾತಲ್ಲ. ಪಕ್ಕದ ಚಾಳಿನ ಮರಾಠಿ ಮಗು ಕಿಟಕಿಯಿಂದ ಬಣ್ಣದ ವೇಷ ನೋಡಿ ಕೆಳಗಿಳಿದು ಬರಬೇಕಾದರೆ ಆಟ ಗಲ್ಲಿಯಲ್ಲೇ ಆಗಬೇಕು.

ಕಾನೂನು ಅಡ್ಡ ಬರುತ್ತದೆಯೇ? ಹಾಗೇನಿಲ್ಲ. ಹಬ್ಬ, ಸಮಾರಂಭಗಳಿಗೆ ರಸ್ತೆಯ ಮೇಲೆ ತಾತ್ಕಾಲಿಕ ಮಂಟಪ ಹಾಕಲು ಪೊಲೀಸ್ ಕಮಿಷನರರ ಸಮ್ಮತಿಯೊಂದಿಗೆ ಪಾಲಿಕೆ ಆಯುಕ್ತರು ಲಿಖಿತ ಅನುಮತಿ ಕೊಡಬಹುದೆಂದು 1888ರ ಮುಂಬಯಿ ಪಾಲಿಕೆ ಕಾಯ್ದೆಯ 317ನೇ ಕಲಮು ಹೇಳುತ್ತದೆ. ಇನ್ನು ವಾಹನ ತಡೆಯುವ ವಿಚಾರ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಪ್ರಕಾರ, ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಪ್ರಕಟಣೆಯೂ ಬೇಡ, ಸಾಧ್ಯವಾದಷ್ಟು ಸ್ಥಳೀಯ ಪ್ರಚಾರ ಕೊಟ್ಟರೆ ಸಾಕು.

ಆ 'ಸ್ಥಳೀಯ ಪ್ರಚಾರ' ಎಂಬ ಎರಡು ಪದಗಳ ಮೇಲೆ ನನಗೆ ಬಹಳ ಆಸೆ. ಏಕೆಂದರೆ ಈಗಿನ ಪದ್ಧತಿಯಲ್ಲಿ ಎಲ್ಲ ಕಚೇರಿಗಳನ್ನೂ ಕೇಳುತ್ತಾರೆ, ಗಲ್ಲಿಯಲ್ಲಿ ಇರುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಮೂರನೇ ಮಹಡಿಯಲ್ಲಿ ಡಯಾಲಿಸಿಸ್‌ಗೆ ಹೋಗಿಬರುವ ಅಜ್ಜಿಗೆ, ಸಂಜೆಯ ವ್ಯಾಪಾರವನ್ನೇ ನಂಬಿದ ತರಕಾರಿಯವಳಿಗೆ, ರಿಕ್ಷಾ ನಿಲ್ಲಿಸುವ ಭಯ್ಯಾನಿಗೆ ರಸ್ತೆ ಮುಚ್ಚಿದ್ದು ತಿಳಿಯುವುದು ಬ್ಯಾರಿಕೇಡ್ ಕಂಡಾಗಲೇ. ಉತ್ಸವಗಳ ಮೇಲೆ ಜನರಿಗೆ ಸಿಟ್ಟು ಹುಟ್ಟುವುದು ಅಲ್ಲಿಂದ.

ಆ ಸಿಟ್ಟು ಕೋರ್ಟಿಗೂ ಹೋಗಿದೆ. ಠಾಣೆಯ ವೈದ್ಯ ಮಹೇಶ್ ಬೇಡೇಕರ್ ಅವರ ಅರ್ಜಿಯ ಮೇಲೆ 2016ರಲ್ಲಿ ಬಂಬಯಿ ಹೈಕೋರ್ಟ್, ಸಂಚಾರಕ್ಕೂ ಪಾದಚಾರಿಗಳಿಗೂ ಅಡ್ಡಿಯಾಗುವಂತೆ ರಸ್ತೆ, ಫುಟ್‌ಪಾತ್‌ಗಳ ಮೇಲೆ ಮಂಡಪಕ್ಕೆ ಅನುಮತಿ ಕೊಡಬಾರದೆಂದು ಖಡಾಖಂಡಿತವಾಗಿ ಹೇಳಿತು. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಭಯ್ ಓಕಾ. ಮುಂದೆ 2019ರಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬಂದಾಗ ಬೆಂಗಳೂರಿನವರಿಗೂ ಆ ಖಡಕ್ ಪರಿಚಯವಾಯಿತು. ನನ್ನ ದೃಷ್ಟಿಯಲ್ಲಿ ಆ ತೀರ್ಪು ಸರಿ. ಆದರೆ ಅದರ ಭಾರ ಬೀಳುವುದು ಯಾರ ಮೇಲೆ ನೋಡಿ. 2025ರಲ್ಲಿ ಮಂಡಪಕ್ಕಾಗಿ ರಸ್ತೆ ಅಗೆದರೆ ಗುಂಡಿಗೆ 2,000 ಇದ್ದ ದಂಡವನ್ನು ಪಾಲಿಕೆ 15,000ಕ್ಕೆ ಏರಿಸಿತು. ಮಂಡಳಗಳು ಗದ್ದಲ ಎಬ್ಬಿಸಿದ್ದೇ ತಡ, ಮತ್ತೆ 2,000ಕ್ಕೆ ಇಳಿಯಿತು. ಗದ್ದಲ ಎಬ್ಬಿಸುವ ಶಕ್ತಿ ಇಲ್ಲದವನಿಗೆ ನಿಯಮ ಇಳಿಯುವುದಿಲ್ಲ. (ನಮ್ಮ ರಂಗಸ್ಥಳಕ್ಕೆ ಗುಂಡಿಯೇ ಬೇಕಾಗಿಲ್ಲ, ಅದು ಬೇರೆ ಮಾತು.)

ಹೀಗಾಗಿ ಸಣ್ಣ ಸಂಘಗಳು ಹಿಡಿಯುವ ದಾರಿ ಎರಡು. ಒಂದೋ ಅನುಮತಿಯ ಗೊಡವೆಗೇ ಹೋಗದೆ ಕಾರ್ಯಕ್ರಮ ಮುಗಿಸಿಬಿಡುವುದು. ಇಲ್ಲವೇ ಗಲ್ಲಿಯ 'ಭಾವು' ಒಬ್ಬರ ಬಳಿ ಹೋಗುವುದು. ಅವರ ಒಂದು ಫೋನಿಗೆ ಕಾಗದಗಳು ತಾವಾಗಿ ಓಡಾಡುತ್ತವೆ. ಬದಲಿಗೆ ಭುವನೇಶ್ವರಿಯ ಚಿತ್ರಕ್ಕಿಂತ ದೊಡ್ಡದಾದ ಅವರ ಫ್ಲೆಕ್ಸ್, ಉದ್ಘಾಟನೆಯಲ್ಲಿ ಅವರ ಮುಕ್ಕಾಲು ಗಂಟೆ ಭಾಷಣ, ಚುನಾವಣೆ ಬಂದಾಗ ಒಂದು ನೆನಪೋಲೆ. ಹೊರನಾಡಿನಲ್ಲಿ ಹೊಟ್ಟೆಪಾಡಿಗೆ ಬಂದವರು ಹಕ್ಕಾಗಿ ಸಿಗಬೇಕಾದ್ದನ್ನು ಉಪಕಾರವಾಗಿ ಪಡೆಯುವುದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಸಂಗತಿ.

ಮನಸ್ಸಿದ್ದರೆ ಈ ನಗರಕ್ಕೆ ರಸ್ತೆ ಮುಚ್ಚುವುದು ಚೆನ್ನಾಗಿಯೇ ಗೊತ್ತು. 2004ರಲ್ಲಿ ಶುರುವಾದ, ಈಗ ಜನವರಿಯಲ್ಲಿ ನಡೆಯುವ ಮ್ಯಾರಥಾನ್‌ಗೆ ದಕ್ಷಿಣ ಮುಂಬಯಿಯ ಹೆದ್ದಾರಿಗಳೇ ಬಂದ್ ಆಗುತ್ತವೆ. 2014ರಲ್ಲಿ ಬಾಂದ್ರಾ ಕಡೆಯ ಲಿಂಕಿಂಗ್ ರೋಡಿನಲ್ಲಿ ಭಾನುವಾರ ಬೆಳಗ್ಗೆ 'ಈಕ್ವಲ್ ಸ್ಟ್ರೀಟ್ಸ್' ನಡೆಯಿತು. 2022ರಲ್ಲಿ ಪೊಲೀಸರೇ ಮುಂದೆ ನಿಂತು 'ಸಂಡೇ ಸ್ಟ್ರೀಟ್ಸ್' ಎಂದು ಕೆಲವು ರಸ್ತೆಗಳನ್ನು ಜನರಿಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ನಡೆಯುವವರಿಗೆ ಮಾತ್ರ ಎಂದಾಗಲೂ ಆಕಾಶವೇನೂ ಬೀಳಲಿಲ್ಲ. ಎಲ್ಲ ಕಡೆ ಇದ್ದದ್ದು ಒಂದೇ: ಎಷ್ಟು ಗಂಟೆಗೆ ಮುಚ್ಚುತ್ತದೆ, ಎಷ್ಟಕ್ಕೆ ತೆರೆಯುತ್ತದೆ, ಬದಲಿ ದಾರಿ ಯಾವುದು ಎಂಬುದು ಮೊದಲೇ ಗೊತ್ತಿತ್ತು.

ಗಲ್ಲಿಗೂ ಇಷ್ಟೇ ಸಾಕು. ನಾಲ್ಕು ಗಂಟೆಯೊಳಗಿನ ಕಾರ್ಯಕ್ರಮಕ್ಕೆ ಒಂದು ಪುಟದ ಅರ್ಜಿ, ಒಂದೇ ಕಿಂಡಿ, ಇಷ್ಟು ದಿನದೊಳಗೆ ಉತ್ತರ ಎಂಬ ಗಡುವು. ಬೇಡವೆಂದರೆ ಕಾರಣ ಬರೆದು ಕೊಡಲಿ. ಜೊತೆಗೆ ಅಕ್ಕಪಕ್ಕದ ಸೊಸೈಟಿಗಳ, ಅಂಗಡಿಯವರ ಸಹಿಯನ್ನು ಅರ್ಜಿಯ ಭಾಗವಾಗಿಸಲಿ. ಇದರಿಂದ ನಮ್ಮ ಕೆಲಸ ಹೆಚ್ಚುತ್ತದೆ, ನಿಜ. ಹೆಚ್ಚಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನವರಾತ್ರಿ, ದೀಪಾವಳಿಯ ಬಂದೋಬಸ್ತಿನಲ್ಲಿ ಪೊಲೀಸರಿಗೆ ಪುರುಸೊತ್ತಿರುವುದಿಲ್ಲ. ಆದ್ದರಿಂದ ರಾಜ್ಯೋತ್ಸವದ ಅರ್ಜಿ ಸೆಪ್ಟೆಂಬರಿನಲ್ಲೇ ಹೋಗಲಿ. ಅದಕ್ಕೂ ಮೊದಲು ಸಂಘದ ಇಬ್ಬರು ಪ್ರತಿ ಕಟ್ಟಡದ ಕಾರ್ಯದರ್ಶಿಯನ್ನು ಕಂಡು, ಮರಾಠಿಯಲ್ಲಿ ಮಾತಾಡಿ, ಕನ್ನಡ ಮರಾಠಿ ಎರಡರಲ್ಲೂ ಬರೆದ ಚೀಟಿ ಗೇಟಿನಲ್ಲಿ ಅಂಟಿಸಿ ಬರಲಿ. ದಿನ, ಹೊತ್ತು, ಆಂಬುಲೆನ್ಸ್ ಬಂದರೆ ಬ್ಯಾರಿಕೇಡ್ ಸರಿಸುವವನ ಫೋನ್ ನಂಬರು, ಇಷ್ಟಿದ್ದರಾಯಿತು. ಕೆಳಗೆ ಒಂದು ಸಾಲು: ಆಟಕ್ಕೆ ನೀವೂ ಬನ್ನಿ.